ನಾಲ್ಕು ಚಕ್ರ, ನಾಲ್ಕು ಸ್ಯಾಂಪಲ್

ಮಾಲು ನೋಡಿ ಕೊಳ್ಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಕೋಲ್ಕತ್ತದಲ್ಲಿ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇದ್ದರೆ ಅವರಿನ್ನೂ ನನ್ನ ಅಂಗಡಿಯ ಮುಂದೆ ಹಾದುಹೋಗಿಲ್ಲ, ಅಷ್ಟೆ.

ನಾನು ಉಡುಪಿ ಕಡೆಯವನು. ಬಡಾ ಬಜಾರಿನಲ್ಲಿ ಕರಿಮೆಣಸು, ಹುಣಸೆಹಣ್ಣು, ಕೊಬ್ಬರಿಯ ಸಗಟು ವ್ಯಾಪಾರ. ಮೆಣಸಿನ ಮೂಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ಹೊಟ್ಟೆಯೊಳಗಿನಿಂದ ಕಾಳು ತೆಗೆದು, ಬಾಯಿಗೆ ಹಾಕಿ, ಕಡಿದು, ಉಗಿದು, "ಪಪ್ಪಾಯಿ ಬೀಜ ಎಷ್ಟು ಬೆರೆಸಿದ್ದೀರಿ?" ಎಂದು ಕೇಳಿದರೆ ಮಾರಲು ಬಂದವನು ಮೊದಲು ಆಕಾಶ ನೋಡುತ್ತಾನೆ, ಆಮೇಲೆ ನನ್ನನ್ನು ನೋಡುತ್ತಾನೆ, ಕೊನೆಗೆ ಬೆಲೆ ಇಳಿಸುತ್ತಾನೆ. ನನ್ನ ವ್ಯಾಪಾರದ ವೇದ ಒಂದೇ ಸಾಲಿನದು: ಮಾರುವವನ ಮಾತು ನಂಬಬೇಡ, ಸ್ಯಾಂಪಲ್ ನಂಬು.

ಇಂಥವನಿಗೆ ಕಾರಿನ ಚಕ್ರ ತೊಳೆಯುವ ಒಂದು ಬಾಟಲಿ ದ್ರವ ಆರಿಸುವುದು ಯಾವ ಮಹಾ ಕೆಲಸ? ಹಾಗೆಂದುಕೊಂಡೇ ನಾನು ಕೈ ಹಾಕಿದೆ.

ಕಾರು ನನ್ನದಲ್ಲ, ನನ್ನ ಹೆಂಡತಿ ಆಶಾಲತಾಳದು. ಆಕೆ ಅಲಿಪುರದ ಒಂದು ಬ್ಯಾಂಕ್ ಶಾಖೆಯ ಮ್ಯಾನೇಜರು. ಬಡ್ತಿ ಸಿಕ್ಕಿದಾಗ ತನ್ನ ಸಂಬಳದಲ್ಲೇ ತೆಗೆದುಕೊಂಡ ಕಾರು. ಬಣ್ಣಕ್ಕಾಗಲಿ ಸೀಟಿಗಾಗಲಿ ಆಕೆ ಹಟ ಮಾಡಲಿಲ್ಲ. ಹಟ ಮಾಡಿದ್ದು ಚಕ್ರಕ್ಕೆ. ಬೆಳ್ಳಿಯಂತೆ ಹೊಳೆಯುವ, ಹೂವಿನ ದಳದ ಹಾಗೆ ಕೊರೆದ ಅಲಾಯ್ ಚಕ್ರಗಳೇ ಬೇಕು. ಡಿಕ್ಕಿಯಲ್ಲಿ ಕತ್ತಲಲ್ಲಿ ಮಲಗಿರುವ ಸ್ಟೆಪ್ನಿಗೂ ಅದೇ ಅಲಾಯ್ ಬೇಕು.

"ಚಕ್ರಕ್ಕೆ ಇಷ್ಟೆಲ್ಲ ಶೃಂಗಾರ ಯಾಕೆ? ತಿರುಗಿದರೆ ಸಾಕಲ್ಲ?" ಎಂದು ನಾನು ಷೋರೂಮಿನಲ್ಲಿ ಕೇಳಿದ್ದೆ.

"ನಿಮ್ಮ ತಲೆಯೂ ತಿರುಗ್ತದೆ. ಆದ್ರೂ ದಿನಾ ಬಾಚ್ತೀರಲ್ಲ," ಎಂದಿದ್ದಳು. ಷೋರೂಮಿನ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ನಕ್ಕಳು.

ಈಗ ವಿಷಯಕ್ಕೆ ಬರುತ್ತೇನೆ. ಆಶಾಲತಾಳ ಬ್ಯಾಂಕಿನ ಗೆಳತಿ ಚಂಪಾ, ಆಕೆಯ ಗಂಡ ಮಂಜಯ್ಯ. ಇಬ್ಬರೂ ನಮ್ಮ ಊರ ಕಡೆಯವರು, ಡಮ್ ಡಮ್‌ನಲ್ಲಿ ಮನೆ. ಅವರ ಮಗ ರಂಜಿತ್‌ಗೆ ಅಲಿಪುರದ ಬಂಗಾಳಿ ಹುಡುಗಿ ಸುದೇಷ್ಣಾಳ ಜೊತೆ ಮದುವೆ ನಿಶ್ಚಯವಾಗಿತ್ತು. ಇಲ್ಲಿನ ಮದುವೆಯಲ್ಲಿ ಹೆಣ್ಣಿನ ಕಡೆಯವರು ಮದುಮಗನಿಗಿಂತ ಮೊದಲು ನೋಡುವುದು ಅವನನ್ನು ಹೊತ್ತು ತರುವ ಕಾರನ್ನು. ಅದಕ್ಕೆ ಹೂವಿನ ಅಲಂಕಾರ, ಅದಕ್ಕೇ ಶಂಖದ ಸ್ವಾಗತ, ಅದರ ಬಾಗಿಲಲ್ಲೇ ಅತ್ತೆಯ ಆರತಿ.

"ಮದುಮಗನ ಕಾರು ನನ್ನದೇ. ಓಡಿಸುವುದೂ ನಾನೇ. ನೀವು ಬೇರೆ ಕಾರು ಹೇಳ್ಲಿಕ್ಕೆ ಹೋಗ್ಬೇಡಿ," ಎಂದು ಆಶಾಲತಾ ಚಂಪಾಗೆ ಮಾತು ಕೊಟ್ಟಳು. ಆಶಾಲತಾ ಕೊಟ್ಟ ಮಾತು ಬ್ಯಾಂಕಿನ ಡ್ರಾಫ್ಟಿನಂತೆ. ಬೌನ್ಸ್ ಆಗುವ ಸೌಕರ್ಯ ಅದರಲ್ಲಿಲ್ಲ.

ಆದರೆ ಚಕ್ರಗಳು? ಊರಿಡೀ ಮೆಟ್ರೋಗಾಗಿ ಅಗೆದ ಧೂಳು, ಮೇಲೆ ಬ್ರೇಕಿನಿಂದ ಉದುರುವ ಕಂದು ಪುಡಿ. ಬೆಳ್ಳಿಯ ಹೂವುಗಳು ಬಾಡಿದ ಬದನೆಕಾಯಿಯಂತಾಗಿದ್ದವು. ಮದುವೆಗೆ ಮುಂಚಿನ ಭಾನುವಾರ ಆಶಾಲತಾ ಡಿಕ್ಕಿಯಿಂದ ಸ್ಟೆಪ್ನಿ ತೆಗೆಸಿದಳು. ಹಿಂದಿನ ತಿಂಗಳು ಪಂಕ್ಚರ್ ಆದಾಗ ಕಳಚಿ, ತೇಪೆ ಹಾಕಿಸಿ ಒಳಗಿಟ್ಟ ಚಕ್ರ ಅದು. ಕೊಳೆಯಲ್ಲಿ ಉಳಿದ ನಾಲ್ಕಕ್ಕೆ ಸಮ. ಒಂದು ಬಕೆಟ್ ನೀರು, ಅದಕ್ಕೆ ಒಂದಿಷ್ಟು ಕಾರು ತೊಳೆಯುವ ಶಾಂಪು, ಹಳೆಯ ಕಾಟನ್ ಸೀರೆಯ ತುಂಡು. ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಚಕ್ರ ಹೊಳೆಯುತ್ತಿತ್ತು.

"ಇಷ್ಟೇ. ಉಳಿದ ನಾಲ್ಕನ್ನೂ ಹೀಗೇ ತೊಳೆದ್ರೆ ಆಯ್ತು. ನಂಗೆ ಈ ವಾರ ಪುರುಸೊತ್ತಿಲ್ಲ, ನೀವು ತೊಳೀರಿ," ಎಂದು ಅದನ್ನು ಡಿಕ್ಕಿಗೆ ಹಾಕಿಸಿ ಮುಚ್ಚಿದಳು.

"ಇದು ಬರೀ ಕೊಳೆ ತೆಗೆದದ್ದು ಮಾರಾಯ್ತಿ. ನಾನು ಹೇಳುವುದು ಕನ್ನಡಿ ಮಾಡುವುದು. ರಂಜಿತ್ ಇಳಿಯುವಾಗ ಚಕ್ರದಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಬೇಕು."

"ಅವನು ಟೋಪೊರ್ ಹಾಕಿರ್ತಾನೆ. ತಲೆ ಕಾಣುವುದಿಲ್ಲ." ಟೋಪೊರ್ ಎಂದರೆ ಇಲ್ಲಿನ ಮದುಮಗನ ತಲೆಗಿಡುವ ಬೆಂಡಿನ ಬಿಳಿ ಕಿರೀಟ.

"ಆದರೂ ಒಂದು ಒಳ್ಳೆ ಕ್ಲೀನರ್ ತರುತ್ತೇನೆ. ಅಲಾಯ್‌ಗೆ ಏನೂ ಆಗದಂಥ ಸೇಫ್ ಮಾಲು."

"ಶಾಂಪು ನೀರಿಗಿಂತ ಸೇಫ್ ಎಂಥದುಂಟು?"

"ಒಂದು ಚಕ್ರ ನೋಡಿ ವ್ಯಾಪಾರ ತೀರ್ಮಾನ ಮಾಡುವವನಲ್ಲ ನಾನು."

ನಮ್ಮ ಮಗಳು ಅಶ್ವಿತಾ ಈ ಊರಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಆಡುವಾಗ ಮಾತ್ರ ಅರ್ಧ ದಾರಿಯಲ್ಲಿ ಬೇರೆ ಬಸ್ಸು ಹತ್ತುತ್ತಾಳೆ. ಫೋನಿನಿಂದ ತಲೆಯೆತ್ತದೆ ಹೇಳಿದಳು: "ಅಪ್ಪ, ಪಿಎಚ್ ನ್ಯೂಟ್ರಲ್ ಅಂತ ಬರ್ದಿರೋದು ತಗೊಳ್ಳಿ. ಆಸಿಡ್ ಬೇಡ, ಆಲ್ಕಲಿನೂ ಬೇಡ. ಸಿಂಪಲ್."

"ಹುಳಿಯೂ ಅಲ್ಲ, ಕ್ಷಾರವೂ ಅಲ್ಲ ಅಂದ್ರೆ ಅದು ಕೊಳೆಯನ್ನು ಹೇಗೆ ತೆಗೀತದೆ? ಕೈಮುಗಿದು ಬೇಡಿಕೊಂಡಾ?"

ಅಶ್ವಿತಾ ಮತ್ತೆ ಫೋನಿಗೆ ಹೋದಳು. ನಾನು ಮಲ್ಲಿಕ್ ಬಜಾರಿಗೆ ಹೋದೆ.

ಗಾಡಿ ಸಾಮಾನು ಮಾರುವ ಆ ಗಲ್ಲಿಗಳಲ್ಲಿ ನಾನು ಕಂಡುಕೊಂಡ ಸತ್ಯವೆಂದರೆ, ಚಕ್ರದ ಕ್ಲೀನರುಗಳಲ್ಲಿ ಸೇಫ್ ಅಲ್ಲದ್ದು ಇಲ್ಲವೇ ಇಲ್ಲ. ಮೊದಲನೆಯವನು ರಬ್ಬರು ಕೈಗವಸು ತೊಟ್ಟು, ಮುಖವನ್ನು ಅತ್ತ ತಿರುಗಿಸಿ, ಬಾಟಲಿಯ ಮುಚ್ಚಳ ತೆಗೆದು "ಪೂರ್ತಿ ಸೇಫ್ ದಾದಾ" ಎಂದ. ಮಾರುವವನೇ ಇಷ್ಟು ಗೌರವ ಕೊಡುವ ಮಾಲಿನಲ್ಲಿ ಸತ್ವವಿರಲೇಬೇಕು ಎಂದುಕೊಂಡೆ. ಎರಡನೆಯವನದು ಹೋಟೆಲಿನ ಅಡುಗೆಮನೆಯ ಚಿಮಣಿಗೆ ಅಂಟಿದ ಜಿಡ್ಡನ್ನೂ ಕರಗಿಸುವ ದ್ರವ. ಚಿಮಣಿಯನ್ನೇ ಬಿಡದ್ದು ಚಕ್ರವನ್ನು ಬಿಟ್ಟೀತೆ? ಮೂರನೆಯವನು ಫೋನಿನಲ್ಲಿ ವಿಡಿಯೊ ತೋರಿಸಿದ. ಸಿಂಪಡಿಸಿದೊಡನೆ ಬ್ರೇಕಿನ ಪುಡಿ ನೇರಳೆ ಬಣ್ಣದ ಕಣ್ಣೀರು ಸುರಿಸಿ ಇಳಿದುಹೋಗುತ್ತಿತ್ತು. "ಒಣಗಲು ಬಿಡಬೇಡಿ, ಬೇಗ ತೊಳೆದುಬಿಡಿ" ಎಂದ. ಮಾರುವವನ ಮಾತು ನಂಬಬಾರದೆಂದು ನಾನಾಗಲೇ ಹೇಳಿದ್ದೇನಲ್ಲ.

ಮೂವರ ಬಳಿಯೂ ಕೇಳಿದ್ದು ಒಂದೇ: "ಸ್ಯಾಂಪಲ್ ಕೊಡಿ."

ಚಕ್ರದ ಕ್ಲೀನರಿಗೆ ಸ್ಯಾಂಪಲ್ ಕೇಳಿದ ಗಿರಾಕಿಯನ್ನು ಆ ಗಲ್ಲಿ ಅದುವರೆಗೆ ಕಂಡಿರಲಿಲ್ಲ. ಆದರೆ ಸ್ಯಾಂಪಲ್ ಕೊಡುವ ತನಕ ಅಂಗಡಿಯ ಸ್ಟೂಲು ಬಿಡದ ಗಿರಾಕಿಯನ್ನೂ ಕಂಡಿರಲಿಲ್ಲ. ಕೆಮ್ಮಿನ ಔಷಧಿಯ ಸೀಸೆಯಲ್ಲಿ ಒಂದು, ಜಾಮ್ ಡಬ್ಬಿಯಲ್ಲಿ ಒಂದು, ಗುಲಾಬಿ ನೀರಿನ ಬಾಟಲಿಯಲ್ಲಿ ಒಂದು. ಮೂರನ್ನೂ ಹಿಡಿದು ವಿಜಯಿಯಾಗಿ ಲೇಕ್ ಗಾರ್ಡನ್ಸಿನ ನಮ್ಮ ಫ್ಲ್ಯಾಟಿಗೆ ಮರಳಿದೆ.

ಮದುವೆಯ ಮುನ್ನಾದಿನ ಅಂಗಡಿಗೆ ರಜೆ ಮಾಡಿದೆ. ಆಶಾಲತಾ ಕಾರನ್ನು ನನ್ನ ಸುಪರ್ದಿಗೆ ಬಿಟ್ಟು ಬ್ಯಾಂಕಿಗೆ ಆಟೋದಲ್ಲಿ ಹೋದಳು. ಹೋಗುವಾಗ ಕೇಳಿದಳು, "ಬಕೆಟ್ ಎಲ್ಲುಂಟು ಗೊತ್ತುಂಟಲ್ಲ?"

"ಬಕೆಟಿನ ಕಾಲ ಹೋಯ್ತು," ಎಂದೆ.

ಅಂಗಳದ ಎಳೆಬಿಸಿಲಲ್ಲಿ ಕಾರು ನಿಲ್ಲಿಸಿ ಯೋಚಿಸಿದೆ. ಚಕ್ರ ನಾಲ್ಕು. ಸ್ಯಾಂಪಲ್ ಮೂರು. ಲೆಕ್ಕ ಸರಿಹೊಂದದಿದ್ದರೆ ವ್ಯಾಪಾರಿಗೆ ಊಟ ರುಚಿಸುವುದಿಲ್ಲ. ಆಗ ಹೊಳೆಯಿತು: ನಮ್ಮಮ್ಮ ದೇವರ ದೀಪ, ಹರಿವಾಣ, ಹಿತ್ತಾಳೆಯ ಕೊಡಪಾನ ಎಲ್ಲವನ್ನೂ ಯಾವುದರಲ್ಲಿ ಬೆಳಗುತ್ತಿದ್ದರು? ಹುಣಸೆಹುಳಿಯಲ್ಲಿ. ದೇವರಿಗೇ ಸೇಫ್ ಆದದ್ದು ಕಾರಿಗೆ ಆಗದೆ? ಅದೂ ಸ್ವಂತ ಗೋದಾಮಿನ ಮಾಲು. ಯಾರ ಮಾತನ್ನೂ ನಂಬುವ ಪ್ರಶ್ನೆಯೇ ಇಲ್ಲ. ಬೀಜ, ನಾರು ತೆಗೆದ ಒಳ್ಳೆಯ ಹುಣಸೆಹಣ್ಣನ್ನು ಉಪ್ಪು ಹಾಕಿ ಕಿವುಚಿದೆ. ಹೀಗೆ ಸ್ಪರ್ಧಿಗಳು ನಾಲ್ವರಾದರು.

ಎಡ ಮುಂದಿನ ಚಕ್ರಕ್ಕೆ ರಬ್ಬರು ಕೈಗವಸಿನವನ ಮಾಲು, ಎಡ ಹಿಂದಿನದಕ್ಕೆ ಚಿಮಣಿಯ ಮಾಲು, ಬಲ ಮುಂದಿನದಕ್ಕೆ ನೇರಳೆ ಕಣ್ಣೀರು, ಬಲ ಹಿಂದಿನದಕ್ಕೆ ನಮ್ಮ ಮನೆತನದ ಹುಳಿ. ಅದನ್ನು ಮಾತ್ರ ಅಮ್ಮನ ಕ್ರಮದಂತೆ ತೆಂಗಿನ ನಾರಿನಲ್ಲಿ ಚೆನ್ನಾಗಿ ತಿಕ್ಕಿದೆ. ಯಾವುದು ಗೆಲ್ಲುತ್ತದೋ ಅದನ್ನು ದೊಡ್ಡ ಬಾಟಲಿಯಲ್ಲಿ ತಂದು ನಾಲ್ಕಕ್ಕೂ ಹಚ್ಚುವುದು. ಯೋಜನೆ ನಿರ್ದುಷ್ಟವಾಗಿತ್ತು.

ಬಾಲ್ಕನಿಯಿಂದ ಅಶ್ವಿತಾ ಕೂಗಿದಳು, "ಅಪ್ಪ, ಫಸ್ಟ್ ಹಿಂದುಗಡೆ ಕಾಣದೇ ಇರೋ ಜಾಗದಲ್ಲಿ ಟೆಸ್ಟ್ ಮಾಡಿ."

"ಕಾಣದ ಜಾಗದಲ್ಲಿ ಒಳ್ಳೆ ಮಾಲು ತುಂಬುವವನು ದಿವಾಳಿ ಆಗ್ತಾನೆ. ನೀನು ಓದ್ಕೋ."

ಇನ್ನು ನೆನೆಯಲು ಬಿಡುವ ಪ್ರಶ್ನೆ. ಉಪ್ಪಿನಕಾಯಿಯಾಗಲಿ ಉದ್ದಿನಬೇಳೆಯಾಗಲಿ, ನೆಂದಷ್ಟೂ ಹದ. ಮೇಲೆ ಹೋಗಿ ಪಾಬ್ದಾ ಮೀನಿನ ಸಾರಿನಲ್ಲಿ ಅನ್ನ ಉಂಡೆ. ಈ ಊರು ನಮಗೆ ಒಗ್ಗಿದ್ದೇ ಮೀನಿನಿಂದ ಮತ್ತು ಊಟದ ಮೇಲಿನ ನಿದ್ದೆಯಿಂದ. ಬಂಗಾಳಿಗಳು ಆ ನಿದ್ದೆಗೆಂದೇ 'ಭಾತ್‌ಘುಮ್' ಎಂದು ಹೆಸರಿಟ್ಟಿದ್ದಾರೆ, ಅನ್ನದ ನಿದ್ದೆ. ನಾನು ಬಂಗಾಳದ ಸಂಸ್ಕೃತಿಯನ್ನು ಗೌರವಿಸುವವನು. ಎದ್ದಾಗ ಬಿಸಿಲು ಎದುರು ಕಟ್ಟಡ ದಾಟಿ ಹೋಗಿತ್ತು.

ಕೆಳಗಿಳಿದು ಪೈಪು ಹಿಡಿದು ನಾಲ್ಕನ್ನೂ ತೊಳೆದೆ. ಕೊಳೆ ಹೋಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕೊಳೆಯ ಜೊತೆ ಇನ್ನೂ ಏನೇನೋ ಹೋಗಿತ್ತು. ಎಡ ಮುಂದಿನದು ಹಾಲು ಚೆಲ್ಲಿ ಒಣಗಿದಂತೆ ಬೆಳ್ಳಗಾಗಿತ್ತು. ಎಡ ಹಿಂದಿನದು ಬೀಡಿ ಸೇದುವವನ ತುಟಿಯಂತೆ ಕಪ್ಪು. ಬಲ ಮುಂದಿನದರಲ್ಲಿ ಕಣ್ಣೀರು ಒಣಗಿ ನೇರಳೆಯ ಗೆರೆಗಳಾಗಿ ನಿಂತಿತ್ತು, ಯಾವ ಸಮಾಧಾನಕ್ಕೂ ಬಗ್ಗದ ಹಾಗೆ. ಬಲ ಹಿಂದಿನದು ಕಂದು ಮಿಶ್ರಿತ ಹಳದಿ, ಮೈತುಂಬ ನಾರಿನ ಗೀರು. ಅದರ ಸುತ್ತ ಈ ಅಂಗಳದ ಇರುವೆಗಳೆಲ್ಲ ಸೇರಿ ಸಮ್ಮೇಳನ ನಡೆಸಿದ್ದವು. ಮಾಲಿನ ಗುಣವನ್ನು ಮೆಚ್ಚಿದವರು ಅವರು ಮಾತ್ರ.

ಅಶ್ವಿತಾ ಬಂದು ಸುತ್ತು ಹಾಕಿದಳು. "ಅಪ್ಪ, ಇದು ಲೂಡೋ ಬೋರ್ಡ್ ತರ ಇದೆ."

ಮೆಣಸಿನ ಕಾಳನ್ನು ಕಡಿದು ಉಗಿದರೆ ಮೂಟೆಗೆ ನಷ್ಟವಿಲ್ಲ. ಚಕ್ರದ ವಿಷಯದಲ್ಲಿ ಕಾಳೂ ಅದೇ, ಮೂಟೆಯೂ ಅದೇ ಎಂಬ ಸಣ್ಣ ವ್ಯತ್ಯಾಸ ನನಗೆ ಆಗ ತಿಳಿಯಿತು.

ಸಂಜೆ ಆಶಾಲತಾ ಬಂದಳು. ಕೈಚೀಲ ಕೆಳಗಿಡದೆ ಕಾರಿಗೆ ಒಂದು ಪ್ರದಕ್ಷಿಣೆ ಬಂದಳು. ಬೈಯುವ ಹೆಂಡತಿಯನ್ನು ಎದುರಿಸಬಹುದು. ಪ್ರದಕ್ಷಿಣೆ ಹಾಕುವ ಹೆಂಡತಿಯನ್ನು ಎದುರಿಸಲು ಶಾಸ್ತ್ರದಲ್ಲೂ ಮಾರ್ಗವಿಲ್ಲ.

"ಯಾವುದು ಗೆದ್ದದ್ದು?" ಎಂದು ಕೇಳಿದಳು.

"ಇನ್ನೂ ತೀರ್ಮಾನ ಆಗ್ಲಿಲ್ಲ."

"ಹೌದಾ." ಬಿಳಿಯ ಚಕ್ರವನ್ನು ಬೆರಳಲ್ಲಿ ಒರೆಸಿ ನೋಡಿದಳು. ಬೆರಳು ಸ್ವಚ್ಛವಾಗಿಯೇ ಇತ್ತು, ಅದೇ ತೊಂದರೆ. "ನಾಳೆ ಸಂಜೆ ಮದುವೆ. ನನ್ನ ಮಾತು ನಂಬಿ ಚಂಪಾ ಬೇರೆ ಕಾರು ಹೇಳ್ಲಿಲ್ಲ. ಈಗ ಈ ಮುಹೂರ್ತದಲ್ಲಿ ಊರಿನಲ್ಲಿ ಒಂದು ಕಾರು ಖಾಲಿ ಇಲ್ಲ. ಅಷ್ಟು ಜನರ ಮುಂದೆ ಅವಳ ಮುಖ ಏನಾಗ್ಬೇಕು?"

"ನಾನಿದ್ದೇನಲ್ಲ."

"ಅದೇ ನಂಗೆ ಹೆದ್ರಿಕೆ."

ಚಕ್ರಗಳಿಗೆ ಮರುಬಣ್ಣ ಹಾಕುವವನಿಗೆ ಫೋನು ಮಾಡಿದೆ. ಒಂದು ವಾರ ಬೇಕೆಂದ. ಕಾರಿಗೆ ಹೂವು ಕಟ್ಟುವವನಿಗೆ, ಚಕ್ರಕ್ಕೂ ರಜನೀಗಂಧದ ಮಾಲೆ ಸುತ್ತಿಬಿಡು ಎಂದೆ. "ಸುತ್ತುತ್ತೇನೆ ದಾದಾ, ಆದರೆ ಗಲ್ಲಿ ದಾಟುವುದರೊಳಗೆ ಅದು ಪಕ್ಕದ ರಿಕ್ಷಾದವನ ಕೊರಳಿಗೆ ಬೀಳುತ್ತದೆ," ಎಂದ. ಸೋತ ವ್ಯಾಪಾರಿ ಕೊನೆಗೆ ಮರಳುವುದು ಮೂಲವಿದ್ಯೆಗೆ. ಹಣ್ಣಿನ ಬುಟ್ಟಿಯಲ್ಲಿ ಚೆನ್ನಾಗಿರುವುದು ಮೇಲೆ, ಕೊಳೆತದ್ದು ಕೆಳಗೆ. ಕಾರಿಗೆ ಮೇಲೆ ಕೆಳಗೆ ಇಲ್ಲ. ಆದರೆ ಈ ಪಕ್ಕ ಆ ಪಕ್ಕ ಇದೆಯಲ್ಲ?

"ಕೇಳು," ಎಂದೆ. "ಯಾವ ಮನುಷ್ಯನೂ ಒಂದೇ ಸಲಕ್ಕೆ ನಾಲ್ಕು ಚಕ್ರ ನೋಡಲಾರ. ಬಿಳಿಯದು, ಹುಣಸೆಯದು ಎರಡೂ ತಿಳಿಬಣ್ಣ. ಅವನ್ನು ಎಡಕ್ಕೆ ಹಾಕಿಸುವ. ಕಪ್ಪು, ನೇರಳೆ ಬಲಕ್ಕೆ. ಮದುವೆ ನಡೆಯುವ ಸಾನ್ಯಾಲರ ಮನೆ, ಹುಡುಗಿಯ ಸೋದರಮಾವನದು, ನಾವು ಹೋಗುವ ರಸ್ತೆಯ ಎಡಗಡೆ ಉಂಟು. ಅವರಿಗೆ ಕಾಣುವುದು ಎಡಪಕ್ಕ ಮಾತ್ರ. ಕಂಡರೂ, ಇದೊಂದು ಹೊಸ ಮಾದರಿ ಅಂತ ತಿಳೀತಾರೆ."

ಆಶಾಲತಾ ನನ್ನನ್ನು ದಿಟ್ಟಿಸಿದಳು. ಸಾಲ ಕೇಳಲು ಬಂದವರನ್ನು ಆಕೆ ಹೀಗೇ ನೋಡುತ್ತಾಳಂತೆ. "ಬೇರೆ ದಾರಿ ಇಲ್ಲ. ಮಾಡ್ಸಿ," ಎಂದಳು. ಪಂಕ್ಚರ್ ಅಂಗಡಿಯವನು ಚಕ್ರ ಅದಲುಬದಲು ಮಾಡಿಕೊಟ್ಟ. ಕಾರಣ ಕೇಳಲಿಲ್ಲ. ನನ್ನ ಮುಖ ನೋಡಿ ಕೇಳಬೇಕೆನಿಸಿರಲಿಕ್ಕಿಲ್ಲ.

ಮರುದಿನ ಡಮ್ ಡಮ್‌ನಲ್ಲಿ ಕಾರನ್ನು ಬಲಪಕ್ಕ ಗೋಡೆಗೆ ಅಂಟಿಸಿ ನಿಲ್ಲಿಸಿದೆವು. ಆಶಾಲತಾ ಸ್ಟೀರಿಂಗಿನಲ್ಲಿ, ನಾನು ಪಕ್ಕದಲ್ಲಿ. ಹಿಂದೆ ಟೋಪೊರನ್ನು ತೊಡೆಯ ಮೇಲಿಟ್ಟುಕೊಂಡ ರಂಜಿತ್ ಮತ್ತು ಅವನ ತಂದೆ ಮಂಜಯ್ಯ. ಚಂಪಾ, ಅಶ್ವಿತಾ ಮತ್ತು ನೆಂಟರು ಬಸ್ಸಿನಲ್ಲಿ. ಮಂಜಯ್ಯ ಬ್ಯಾಂಕಿನ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ತಮಗೆ ತಿಳಿಯದ ವಿಷಯ ಒಂದಿದೆ ಎಂದು ಅವರು ಎಲ್ಲೂ ಒಪ್ಪಿಕೊಂಡ ದಾಖಲೆ ಇಲ್ಲ.

ದಾರಿಯುದ್ದಕ್ಕೂ ನನ್ನ ಪ್ರಾರ್ಥನೆ ಒಂದೇ: ಕಾರು ನಿಲ್ಲದಿರಲಿ. ಓಡುವ ಚಕ್ರಕ್ಕೆ ಬಣ್ಣವಿಲ್ಲ. ಆದರೆ ಕೋಲ್ಕತ್ತದ ಸಿಗ್ನಲ್ಲುಗಳಿಗೆ ನಾನು ಏನು ಅನ್ಯಾಯ ಮಾಡಿದ್ದೆನೋ. ಪ್ರತಿ ಕೆಂಪು ದೀಪದಲ್ಲೂ ಪಕ್ಕದ ಟ್ಯಾಕ್ಸಿಯವನು ಹೊರಗೆ ಬಾಗಿ ನೋಡುವನು, ಆಮೇಲೆ ನನ್ನನ್ನು ನೋಡುವನು.

ಅಲಿಪುರ ತಲುಪಿದಾಗ ಮೊದಲ ಆಘಾತ. ಚಪ್ಪರಕ್ಕಾಗಿ ರಸ್ತೆಯ ಆ ತುದಿಯನ್ನು ಮುಚ್ಚಿದ್ದರು. ಸುತ್ತಿ ಬಳಸಿ ಎದುರು ದಿಕ್ಕಿನಿಂದ ಬರಬೇಕಾಯಿತು. ಅಂದರೆ ಮದುವೆಮನೆ ಈಗ ಬಲಗಡೆ. ದೀಪಗಳ ತೋರಣದ ಕೆಳಗೆ, ಶಂಖ ಊದುತ್ತ, ಹೆಂಗಸರು ನಾಲಿಗೆ ಆಡಿಸಿ ಮಂಗಳದ ಉಲುಧ್ವನಿ ಹೊರಡಿಸುತ್ತ ನಿಂತಿದ್ದ ಜನರ ಎದುರಿಗೆ ನನ್ನ ಕಪ್ಪು, ನೇರಳೆ ಚಕ್ರಗಳು ಬಂದು ನಿಂತವು.

"ಕಾರನ್ನು ಒಮ್ಮೆ ತಿರುಗಿಸಿ ದೀದಿ, ಮದುಮಗ ಕೂತಿರುವ ಬಾಗಿಲು ಮನೆಯ ಕಡೆಗೆ ಬರಲಿ," ಎಂದರು ಒಬ್ಬ ಹಿರಿಯರು. ವಧುವಿನ ಸೋದರಮಾವ, ನಿರುಪಮ ಸಾನ್ಯಾಲ್ ಬಾಬು. ರೇಷ್ಮೆಯ ಪಂಜಾಬಿ ಜುಬ್ಬಾ, ನೆರಿಗೆ ಹಿಡಿದ ಧೋತಿ, ಮೂಗಿನ ತುದಿಯಲ್ಲಿ ಕನ್ನಡಕ. ಆಶಾಲತಾ ತಿರುಗಿಸಿದಳು. ಈಗ ಬಿಳಿ, ಹಳದಿ. ನೆರೆದವರೆಲ್ಲ ಎರಡು ಕಂತಿನಲ್ಲಿ ನಾಲ್ಕೂ ಚಕ್ರ ನೋಡಿದಂತಾಯಿತು. ಸಾಲದ್ದಕ್ಕೆ ವಿಡಿಯೊದವನು ನೆಲದ ಮೇಲೆ ಮಲಗಿ ಒಂದೊಂದೇ ಚಕ್ರದ ಹತ್ತಿರದ ಚಿತ್ರ ಹಿಡಿದ.

ಅತ್ತೆಯ ಆರತಿ ಮುಗಿಯುವವರೆಗೂ ಸಾನ್ಯಾಲ್ ಬಾಬು ಮದುಮಗನನ್ನು ನೋಡಲಿಲ್ಲ. ಚಕ್ರಗಳ ಬಳಿ ಒಂದೊಂದಾಗಿ ಬಾಗಿ, ಮೂಸಿ, ಕನ್ನಡಕ ಏರಿಸಿ, ನನ್ನ ಬಳಿ ಬಂದರು. ಹಿಂದಿಯಲ್ಲಿ ಕೇಳಿದರು: "ದಾದಾ, ನಾಲ್ಕು ಚಕ್ರಕ್ಕೆ ನಾಲ್ಕು ಬಣ್ಣ. ಇದು ನಿಮ್ಮ ಕಡೆಯ ಪದ್ಧತಿಯೇ?"

ಬಸ್ಸಿನಿಂದಿಳಿದು ಬಂದ ಚಂಪಾ ಆಗಲೇ ಚಕ್ರ ನೋಡಿ, ಆಶಾಲತಾಳ ಮುಖ ನೋಡುತ್ತಿದ್ದಳು. ಆಶಾಲತಾ ಸ್ಟೀರಿಂಗ್ ಹಿಡಿದು ನೇರ ಮುಂದೆ ನೋಡುತ್ತಿದ್ದಳು, ಇಲ್ಲದ ಸಿಗ್ನಲ್ಲಿಗೆ ಕಾಯುವವಳಂತೆ. ಹೆಂಡತಿಯ ಮಾತು ಉಳಿಯುವುದೋ ಬೀಳುವುದೋ ನನ್ನ ನಾಲಿಗೆಯ ಮೇಲಿತ್ತು.

"ಹೌದು," ಎಂದೆ. "ನಾಲ್ಕು ಪುರುಷಾರ್ಥ."

"ಓ," ಎಂದರು ಸಾನ್ಯಾಲ್ ಬಾಬು. "ಯಾವುದು ಯಾವುದು?"

ಒಮ್ಮೆ ಬಾಯಿಬಿಟ್ಟ ವ್ಯಾಪಾರಿ ಮಾಲು ಪೂರ್ತಿ ತೋರಿಸಲೇಬೇಕು. "ಈ ಅರಿಸಿನದ ಬಣ್ಣದ್ದು ಧರ್ಮ. ಆ ಕಡೆಯ ಕಪ್ಪು ಅರ್ಥ, ಅಂದರೆ ಸಂಪತ್ತು. ಅದು ಹೆಚ್ಚಾಗಿ ಆ ಬಣ್ಣದಲ್ಲೇ ಇರುವುದು. ನೇರಳೆ ಕಾಮ. ಈ ಬಿಳಿಯದು ಮೋಕ್ಷ."

"ಅಂಕಲ್, ಇದು ನಂಗೂ ಹೊಸದು," ಎಂದ ರಂಜಿತ್ ಕನ್ನಡದಲ್ಲಿ.

"ಮದುಮಗ ಮಾತಾಡಬಾರದು. ಟೋಪೊರ್ ಸರಿ ಮಾಡ್ಕೊ."

ಸಾನ್ಯಾಲ್ ಬಾಬು ಮಂಜಯ್ಯನವರತ್ತ ತಿರುಗಿದರು. "ನಿಮ್ಮಲ್ಲಿ ಎಲ್ಲರೂ ಮಾಡುತ್ತಾರೆಯೇ?"

ಮಂಜಯ್ಯ ಚಕ್ರ ನೋಡಿದರು, ನನ್ನನ್ನು ನೋಡಿದರು. ತಮ್ಮದೇ ಸಂಪ್ರದಾಯ ತಮಗೆ ಗೊತ್ತಿಲ್ಲವೆನ್ನಲು ಅವರ ಸೇವಾವಧಿಯ ಅಭ್ಯಾಸ ಬಿಡಲಿಲ್ಲ. "ಹಿಂದೆ ಎಲ್ಲರೂ ಮಾಡುತ್ತಿದ್ದರು," ಎಂದರು ಗಂಭೀರವಾಗಿ. "ಈಗ ಕಡಿಮೆ."

ಸುದ್ದಿ ಚಪ್ಪರದೊಳಗೆ ನಮಗಿಂತ ಮೊದಲು ತಲುಪಿತು. ಮುದುಕಿಯರು ಬಂದು ಧರ್ಮದ ಚಕ್ರ ಮುಟ್ಟಿ ನಮಸ್ಕರಿಸಿದರು. ತರುಣರು ಕಾಮದ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಅರ್ಥದ ಮುಂದೆ ಗುಂಪು ಎಲ್ಲಕ್ಕಿಂತ ದೊಡ್ಡದು. ಮೋಕ್ಷದ ಬಳಿ ಯಾರೂ ಇರಲಿಲ್ಲ. ಚಂಪಾಳ ಮುಖ ಅರಳಿತ್ತು. ನನ್ನ ಎದೆಯೂ ಮೆಲ್ಲಗೆ ಉಬ್ಬತೊಡಗಿತು. ಕೆಟ್ಟ ಮಾಲನ್ನು ಮಾರುವವನು ವ್ಯಾಪಾರಿಯಾದರೆ, ಅದಕ್ಕೆ ನಮಸ್ಕಾರ ಮಾಡಿಸುವವನನ್ನು ಏನೆನ್ನಬೇಕು?

ಆಗ ಸಾನ್ಯಾಲ್ ಬಾಬು ಒಂದು ಕೀಲಿಕೈ ತಂದು ನನ್ನ ಅಂಗೈಯಲ್ಲಿಟ್ಟರು.

"ನಾಳೆ ಸುದೇಷ್ಣಾಳನ್ನು ಗಂಡನ ಮನೆಗೆ ಕಳಿಸುವುದು ನನ್ನ ಕಾರಿನಲ್ಲಿ. ಹೊಸದು. ಅದಕ್ಕೂ ಈ ಶಾಸ್ತ್ರ ಆಗಬೇಕು ದಾದಾ. ನೀವೇ ನಿಮ್ಮ ಕೈಯಿಂದ."

ಆಚೆ ನಿಂತಿದ್ದ ಕಾರು ನೋಡಿದೆ. ಅದರ ಒಂದು ಚಕ್ರ ನನ್ನ ಇಡೀ ಅಂಗಡಿಯನ್ನು ಹೀಯಾಳಿಸುವಂತಿತ್ತು. "ಅದು... ಗಂಡಿನ ಕಡೆಯವರ ಕಾರಿಗೆ ಮಾತ್ರ," ಎಂದೆ.

"ಹೆಣ್ಣಿಗೆ ಪುರುಷಾರ್ಥ ಬೇಡವೇ?" ಎಂದರು ಅವರು. ಸುತ್ತಲಿನ ಹೆಂಗಸರೆಲ್ಲ ನನ್ನತ್ತ ತಿರುಗಿದರು.

ಅಷ್ಟರಲ್ಲಿ ಅಶ್ವಿತಾ ನನ್ನ ಅಂಗಿ ಜಗ್ಗಿದಳು. "ಅಪ್ಪ, ಮೋಕ್ಷ ಫ್ಲ್ಯಾಟ್."

ಚಪ್ಪರದವರು ಬಿಟ್ಟ ಮೊಳೆಯೊಂದು ಬಿಳಿ ಚಕ್ರಕ್ಕೆ ನಾಟಿ ಗಾಳಿ ಪೂರ್ತಿ ಹೋಗಿತ್ತು. ಹಿಂದೆ ನೆಂಟರ ಕಾರುಗಳ ಸಾಲು, ದಾರಿ ಬಿಡಬೇಕು. ಯಾರೋ ಜಾಕ್ ತಂದರು, ಯಾರೋ ಡಿಕ್ಕಿ ತೆಗೆದರು. ಭಾನುವಾರದ ಸ್ಟೆಪ್ನಿ ಹೊರಗೆ ಬಂತು. ತೋರಣದ ಅಷ್ಟೂ ದೀಪಗಳು ಅದರಲ್ಲಿ ಹೊಳೆದವು. ಹಿಡಿದವನ ಮೀಸೆ ಕೂಡ ಅದರಲ್ಲಿ ಕಾಣುತ್ತಿತ್ತು.

ಸಾನ್ಯಾಲ್ ಬಾಬು ಕೇಳಿದರು: "ಪುರುಷಾರ್ಥ ನಾಲ್ಕೇ. ಈ ಐದನೆಯದು ಏನು?"

ನನ್ನ ಬಳಿ ದಾಸ್ತಾನು ಮುಗಿದಿತ್ತು. ಆಗ ಆಶಾಲತಾ ಕಾರಿನಿಂದ ಇಳಿದಳು. ಸೆರಗು ಸರಿಮಾಡಿಕೊಂಡು, ಬ್ಯಾಂಕಿನಲ್ಲಿ ಬಡ್ಡಿಯ ದರ ತಿಳಿಸುವ ದನಿಯಲ್ಲಿ ಹೇಳಿದಳು:

"ಅದು ಹೆಂಡತಿಯ ಮಾತು ದಾದಾ. ಗಾಳಿ ಹೋಗುವವರೆಗೆ ಅದನ್ನು ಡಿಕ್ಕಿಯಲ್ಲೇ ಇಡುವುದು ನಮ್ಮವರ ಪದ್ಧತಿ."

ಮೊದಲು ನಕ್ಕವರು ಹೆಂಗಸರು. ಆಮೇಲೆ, ಹೆಂಡತಿಯರ ಮುಖ ನೋಡಿಕೊಂಡು, ಗಂಡಸರು.

"ನಿಮ್ಮ ಕಾರಿಗೆ ಈ ಐದನೆಯ ಶಾಸ್ತ್ರ ಸಾಕು," ಎಂದು ಆಕೆ ಮುಂದುವರಿಸಿದಳು. "ನೀರು, ಶಾಂಪು, ಮೆತ್ತಗಿನ ಬಟ್ಟೆ. ಬೆಳಿಗ್ಗೆ ಇವರೇ ಬಂದು ಮಾಡ್ತಾರೆ."

ಬೆಳಿಗ್ಗೆ ನಾನೇ ಹೋಗಿ ಮಾಡಿದೆ. ಸಾನ್ಯಾಲರ ಅಂಗಳದಲ್ಲಿ ಬಕೆಟಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಜಗಲಿಯಲ್ಲಿ ಆಶಾಲತಾ ಮತ್ತು ಚಂಪಾ ಹೊಸ ಖರ್ಜೂರದ ಬೆಲ್ಲದ ಸಂದೇಶ್ ಮಿಠಾಯಿ ತಿನ್ನುತ್ತ ಮೇಲ್ವಿಚಾರಣೆ ನಡೆಸಿದ್ದರು. ಸಾನ್ಯಾಲ್ ಬಾಬು ನನಗೊಂದು ಮಣ್ಣಿನ ಕುಡಿಕೆಯಲ್ಲಿ ಚಹಾ ತಂದುಕೊಟ್ಟು, ಪಕ್ಕದಲ್ಲಿ ಮೋಡ ಎಳೆದುಕೊಂಡು ಕೂತರು. ಮೋಡ ಎಂದರೆ ಇಲ್ಲಿನ ಬೆತ್ತದ ಗಿಡ್ಡ ಪೀಠ.

"ದಾದಾ, ನಾನು ಜೀವಮಾನವೆಲ್ಲ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವನು," ಎಂದರು ಮೆಲ್ಲಗೆ.

ನನ್ನ ಕೈಯ ಬಟ್ಟೆ ನಿಂತಿತು.

"ಮೋಕ್ಷಕ್ಕೆ ಬಳಸಿದ್ದು ಆಸಿಡ್. ಅರ್ಥಕ್ಕೆ ಕಾಸ್ಟಿಕ್ ಸೋಡಾ. ಕಾಮಕ್ಕೆ ಕಬ್ಬಿಣದ ಪುಡಿ ತೆಗೆಯುವ ದ್ರವ, ಒಣಗಲು ಬಿಟ್ಟಿದ್ದೀರಿ. ಮೂರೂ ನೋಡಿದ ಕೂಡಲೇ ತಿಳಿಯಿತು."

"ಮತ್ತೆ ನಿನ್ನೆ ನೀವು..."

"ಮದುವೆ ಮನೆ ದಾದಾ. ಗಂಡಿನ ಕಡೆಯವರು ಹೇಳಿದ್ದಕ್ಕೆಲ್ಲ ಹೌದು ಅನ್ನುವುದು ನಮ್ಮ ಪದ್ಧತಿ." ಚಹಾ ಗುಟುಕರಿಸಿದರು. "ಆದರೆ ಧರ್ಮ ಮಾತ್ರ ಅರ್ಥವಾಗಲಿಲ್ಲ. ರಾತ್ರಿಯೆಲ್ಲ ಯೋಚಿಸಿದೆ. ಅದಕ್ಕೆ ಏನು ಹಾಕಿದಿರಿ?"

"ಹುಣಸೆಹಣ್ಣು," ಎಂದೆ. "ನಮ್ಮದೇ ಅಂಗಡಿಯದು."

ಅವರು ಮೋಡವನ್ನು ಚಕ್ರದ ಹತ್ತಿರಕ್ಕೆ ಎಳೆದುಕೊಂಡು, ನನ್ನ ಬಕೆಟಿನೊಳಗೆ ಒಮ್ಮೆ ಬಗ್ಗಿ ನೋಡಿ, ಬೆರಳಿನಿಂದ ಒಂದು ಹನಿ ತೆಗೆದು ಮೂಸಿದರು.

"ತಪ್ಪು ತಿಳಿಯಬೇಡಿ," ಎಂದರು. "ಒಂದು ಚಕ್ರ ಮಾತ್ರ ಮೊದಲು ತೊಳೆದು ತೋರಿಸಿ. ಸ್ಯಾಂಪಲ್."